ಕಂದು ಬೆಕ್ಕು, ಕಪ್ಪು ಬೆಕ್ಕು

ಮೆಲ್ಬರ್ನ್‌ನ ಒಂದು ಪ್ರಾಣಿ ಆಶ್ರಯ ಕೇಂದ್ರದ ರಿಸೆಪ್ಷನ್‌ನಲ್ಲಿ ನನ್ನ ಕೆಲಸ. ಕೌನ್ಸಿಲ್‌ನವರು, ಅಂದರೆ ಇಲ್ಲಿನ ನಗರಸಭೆಯಂಥ ಸ್ಥಳೀಯ ಆಡಳಿತದವರು, ತಂದ ನಾಯಿ, ಬೆಕ್ಕುಗಳನ್ನು ದಾಖಲು ಮಾಡುತ್ತೇನೆ, ಕಳೆದುಕೊಂಡವರ ಫೋನ್ ಎತ್ತುತ್ತೇನೆ. ಸೇರಿದ ಎರಡನೇ ತಿಂಗಳಲ್ಲಿ ಒಂದು ತಪ್ಪು ಮಾಡಿದೆ. ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಯಾರದೋ ಹಿತ್ತಲಲ್ಲಿಟ್ಟ ಬೋನಿಗೆ ಬಿದ್ದ ಬೆಕ್ಕು ಅದು. ವಿಕ್ಟೋರಿಯಾ ರಾಜ್ಯದ 1994ರ ಸಾಕುಪ್ರಾಣಿ ಕಾಯ್ದೆಯ ಪ್ರಕಾರ, ಬೇರೆಯವರ ಬೆಕ್ಕು ಒಂದಕ್ಕಿಂತ ಹೆಚ್ಚು ಸಲ ನಮ್ಮ ಜಾಗಕ್ಕೆ ಬಂದರೆ ಹಿಡಿದು ಕೌನ್ಸಿಲ್‌ಗೆ ಒಪ್ಪಿಸಬಹುದು. ಹಾಸನದ ಹಳ್ಳಿಯಲ್ಲಿ ಬೆಳೆದ ನನಗೆ ಇದು ಮೊದಲು ಜೀರ್ಣವೇ ಆಗಲಿಲ್ಲ. ನಮ್ಮೂರ ಬೆಕ್ಕು ಒಂದು ಮನೆಯಲ್ಲಿ ಹಾಲು ಕುಡಿದು ಇನ್ನೊಂದು ಮನೆಯ ಅಟ್ಟದಲ್ಲಿ ಮರಿ ಹಾಕುತ್ತದೆ. ಯಾರು ಕೇಳುತ್ತಾರೆ? ಆದರೆ ಬೆಕ್ಕು ಕಚ್ಚಿದ ಪೋಸಂ (ಮರದ ಮೇಲೆ ಇರುವ ಇಲ್ಲಿನ ಸಣ್ಣ ಕಾಡುಪ್ರಾಣಿ) ಮರಿಗಳನ್ನು ಕೈಯಲ್ಲಿ ಹಿಡಿದ ಮೇಲೆ ಈ ನಿಯಮ ಯಾಕೆ ಬಂತು ಅಂತ ಅರ್ಥವಾಯಿತು. ಕೆಲವು ಕೌನ್ಸಿಲ್‌ಗಳು ರಾತ್ರಿ ಮಾತ್ರ ಬೆಕ್ಕನ್ನು ಒಳಗಿಡಿ ಅನ್ನುತ್ತವೆ. ಮೆಲ್ಬರ್ನ್‌ನ ಕೇಸಿ ಕೌನ್ಸಿಲ್‌ನಲ್ಲಿ 2021ರಿಂದ 24 ಗಂಟೆಯೂ ಸ್ವಂತ ಮನೆಯ ಆವರಣದೊಳಗೇ ಇರಬೇಕು.

ಇಲ್ಲಿ ಸಾಕುಬೆಕ್ಕಿನ ಚರ್ಮದಡಿ ಗುರುತಿನ ಸಂಖ್ಯೆಯ ಚಿಪ್ ಹಾಕಿರುತ್ತಾರೆ, ಅದನ್ನು ಓದುವ ಸ್ಕ್ಯಾನರನ್ನು ಆ ಬೆಕ್ಕಿನ ಕತ್ತಿನ ಹಿಂದೆ ಆಡಿಸಿದೆ. ಬೀಪ್ ಬರಲಿಲ್ಲ. 'ಕಡು ಕಂದು, ಗಂಡು, ಚಿಪ್ ಇಲ್ಲ' ಎಂದು ಬರೆದೆ. ಇಲ್ಲಿಂದ 8 ದಿನದ ಲೆಕ್ಕ. ಅಷ್ಟರಲ್ಲಿ ಯಾರೂ ಬರದಿದ್ದರೆ ಬೇರೆ ಮನೆಗೆ ಕೊಡಬಹುದು. ಆರೋಗ್ಯವೋ ಸ್ವಭಾವವೋ ಸರಿಯಿಲ್ಲ ಅಂತಾದರೆ ಸೂಜಿ ಕೊಟ್ಟು ಸಾಯಿಸಲೂಬಹುದು. ಈ ಬೆಕ್ಕೋ ಮೂಲೆಯಲ್ಲಿ ಮುದುಡಿ ಕೂತು, ಯಾರೇ ಕೈ ಹಾಕಲಿ, ಗುರ್ ಅನ್ನುತ್ತಿತ್ತು.

ಎರಡನೇ ದಿನ ವಯಸ್ಸಾದ ಹೆಂಗಸೊಬ್ಬರು ಫೋನ್ ಮಾಡಿದರು. "ನನ್ನ ಕಪ್ಪು ಬೆಕ್ಕು ಬಂದಿದೆಯಾ? ಚಿಪ್ ಇದೆ." ಕಂಪ್ಯೂಟರ್ ನೋಡಿ "ಇಲ್ಲ" ಎಂದೆ. ಅವರ ನಂಬರ್ ಕೂಡ ಬರೆದುಕೊಳ್ಳಲಿಲ್ಲ.

ಆರನೇ ದಿನ ಹಿರಿಯ ಸಹೋದ್ಯೋಗಿ ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ ಮತ್ತೆ ಸ್ಕ್ಯಾನ್ ಮಾಡಿದರು. ಕತ್ತು, ಬೆನ್ನು, ಪಕ್ಕೆ, ಮುಂಗಾಲು, ಎಲ್ಲಾ ನಿಧಾನವಾಗಿ. ಎಡ ಭುಜದ ಕೆಳಗೆ ಬೀಪ್ ಬಂತು. ಅಕ್ಕಿಕಾಳಿನಷ್ಟಿರುವ ಚಿಪ್ ಕೆಲವೊಮ್ಮೆ ಚರ್ಮದಡಿ ಜಾರುತ್ತದೆ. 15 ಅಂಕಿ ಸಿಕ್ಕಿತು, ಆ ದಾಖಲೆಯಲ್ಲಿದ್ದ ಫೋನ್ ಮಾತ್ರ ಸತ್ತುಹೋಗಿತ್ತು. ಕೊನೆಗೆ ಹೊಸ ವಿಳಾಸ ಸಿಕ್ಕಿದ್ದು ಕೌನ್ಸಿಲ್ ನೋಂದಣಿಯಲ್ಲಿ. ಬೆಕ್ಕಿನ ಒಡತಿ ಅಲ್ಲಿ ವರ್ಷ ವರ್ಷ ತಪ್ಪದೆ ಶುಲ್ಕ ಕಟ್ಟುತ್ತಿದ್ದರು. ಅಲ್ಲಿ ವಿಳಾಸ ಬದಲಿಸಿದರೆ ಚಿಪ್‌ನಲ್ಲೂ ಬದಲಾಗುತ್ತದೆ ಅಂದುಕೊಂಡಿದ್ದರು. ಹಾಗಾಗುವುದಿಲ್ಲ. ಚಿಪ್‌ನ ವಿವರ ಇರುವುದು ಬೇರೆ ರಿಜಿಸ್ಟ್ರಿಯಲ್ಲಿ, ಅದನ್ನು ಸಾಕಿದವರೇ ತಿದ್ದಿಸಬೇಕು. ಇಲ್ಲಿ ಬೆಕ್ಕು ಸಾಕಿರುವ ಕನ್ನಡದವರು ಎಷ್ಟೋ ಜನ ಬಾಡಿಗೆ ಮನೆ ಬದಲಿಸುತ್ತಲೇ ಇರುತ್ತಾರೆ ಅಲ್ವಾ, ದಯವಿಟ್ಟು ಇವತ್ತೇ ಒಮ್ಮೆ ನೋಡಿ.

ಅವರು ಬಂದರು. ಕಿಟಕಿಯ ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಅದು ಕಪ್ಪು ಬೆಕ್ಕೇ. ಬಿಸಿಲಲ್ಲಿ ಮಲಗಿ ಮಲಗಿ ಕೂದಲಿನ ತುದಿ ಕಂದಾಗಿತ್ತು. "ನಾನು ಫೋನ್ ಮಾಡಿದ್ದೆ" ಎಂದರು. "ಎತ್ತಿದ್ದು ನಾನೇ. ತಪ್ಪು ನನ್ನದು" ಎಂದೆ. ಅವರು ಏನೂ ಅನ್ನಲಿಲ್ಲ. ಆರು ದಿನ ಯಾರನ್ನೂ ಮುಟ್ಟಗೊಡದ ಬೆಕ್ಕು ಅವರ ಕಂಕುಳಲ್ಲಿ ಮುಖ ಹುದುಗಿಸಿತು.

ಈಗ ಫೋನಿನಲ್ಲಿ ನಾನು 'ಇಲ್ಲ' ಅನ್ನುವುದಿಲ್ಲ. ಬಣ್ಣ ಕೇಳುತ್ತೇನೆ, ನಂಬರ್ ಬರೆದುಕೊಳ್ಳುತ್ತೇನೆ, "ಬಂದು ನಿಮ್ಮ ಕಣ್ಣಲ್ಲೇ ನೋಡಿ, ಎರಡು ದಿನ ಬಿಟ್ಟು ಮತ್ತೆ ಬನ್ನಿ" ಅನ್ನುತ್ತೇನೆ. ಹೆದರಿದ ಬೆಕ್ಕನ್ನು ಮಾರನೇ ದಿನ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತೇನೆ, ಕಾಲಿನವರೆಗೂ.