ಟ್ಯಾಂಕ್ ಮಾನಿಟರ್, ನಾಲ್ಕನೇ ಕಂತು: ಬೀಗ ಹಾಕಿದ್ದೂ ನಾನೇ, ಹೊರಗೆ ನಿಂತಿದ್ದೂ ನಾನೇ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ಅಳೆಯುವ ಇಎಸ್‌ಪಿ32 (ವೈಫೈ ಇರುವ ಪುಟ್ಟ ಬೋರ್ಡ್) ಕೊನೆಗೂ ತಾನಾಗೇ ಹೊಸ ಫರ್ಮ್‌ವೇರ್ (ಅದನ್ನು ನಡೆಸುವ ಪ್ರೋಗ್ರಾಂ) ಇಳಿಸಿಕೊಂಡಿತು. ನಾಲ್ಕು ದಿನ ಒದ್ದಾಡಿದ್ದೆ. ಸೆನ್ಸರ್ ತಪ್ಪಲ್ಲ, ವೈರಿಂಗ್ ತಪ್ಪಲ್ಲ. ಕೋಡ್ ಇಡುವ ಗಿಟ್‌ಹಬ್ ಸೈಟಿನಲ್ಲಿ ನಾನೇ ಒತ್ತಿದ ಒಂದು ಬಟನ್.

ಸೆನ್ಸರ್ ಗೋಳು ಬೇರೆಯೇ ಇದೆ. ನೀರು ತಾಗಿದರೂ ಕೆಡದ ಜೆಎಸ್‌ಎನ್ ಮಾಡೆಲ್ ಆರ್ಡರ್ ಮಾಡಿದರೆ, ಡಬ್ಬಿಯಲ್ಲಿ ಬಂದದ್ದು ಎರಡು ಕಣ್ಣಿನ ಮಾಮೂಲಿ ಎಚ್‌ಸಿ ಮಾಡೆಲ್. ವಾಪಸ್ ಕಳಿಸಿದೆ. ಮತ್ತೆ ಅದೇ ಬಂತು. ಅವರ ಗೋಡೌನಿನಲ್ಲಿ ಅದು ಬಿಟ್ಟು ಇನ್ನೇನೂ ಇಲ್ಲ ಅನ್ನಿಸುತ್ತದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಬೀದರ್‌ನಲ್ಲಿ ಓದುವ ಅಕ್ಕನ ಮಗ ನನ್ನ ರೆಪೊ (ಗಿಟ್‌ಹಬ್‌ನಲ್ಲಿ ಈ ಕೋಡ್ ಇರುವ ಫೋಲ್ಡರ್) ಫೋರ್ಕ್ ಮಾಡಿಕೊಂಡಿದ್ದ, ಅಂದರೆ ತನ್ನ ಅಕೌಂಟಿಗೆ ನಕಲು ಮಾಡಿಕೊಂಡಿದ್ದ. ಫೋನ್ ಮಾಡಿ, "ಮಾಮಾ, ನಿಮ್ಮ ಮನಿ ವೈಫೈ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಾಗ್ಯಾದ ನೋಡ್ರಿ" ಅಂದ. ಗಿಟ್‌ಇಗ್ನೋರ್‌ಗೆ (ರೆಪೊಗೆ ಹೋಗಬಾರದ ಫೈಲುಗಳ ಪಟ್ಟಿ) ಸೇರಿಸುವ ಮೊದಲೇ ಪಾಸ್‌ವರ್ಡ್ ಇದ್ದ ಕಾನ್ಫಿಗ್ ಫೈಲ್ ಕಮಿಟ್ ಮಾಡಿಬಿಟ್ಟಿದ್ದೆ, ಅಂದರೆ ರೆಪೊದ ಇತಿಹಾಸಕ್ಕೆ ಸೇರಿಸಿಬಿಟ್ಟಿದ್ದೆ. ಈಗ ಅಳಿಸಿದರೂ ಹಳೆ ಕಮಿಟ್‌ನಲ್ಲಿ ಅದು ಕೂತೇ ಇರುತ್ತದೆ.

ಗಾಬರಿಯಲ್ಲಿ ಸೆಟ್ಟಿಂಗ್ಸ್‌ನ ತಳದ ಡೇಂಜರ್ ಝೋನ್‌ಗೆ ಹೋಗಿ ರೆಪೊವನ್ನು ಪ್ರೈವೇಟ್ ಮಾಡಿದೆ. ಎಚ್ಚರಿಕೆಗಳು ಬಂದವು. ಯಾರು ಓದ್ತಾರೆ, ಅಲ್ವಾ? ಮೆಚ್ಚಿದವರು ಒತ್ತಿದ್ದ ಹನ್ನೊಂದು ಸ್ಟಾರ್ ಹೋದವು (ಒಂದು ನನ್ನದೇ ಹಳೆ ಅಕೌಂಟಿನದು). ನೀರಿನ ಮಟ್ಟ ತೋರಿಸುವ ಪೇಜಸ್ (ಗಿಟ್‌ಹಬ್ ರೆಪೊದಿಂದಲೇ ನಡೆಸುವ ವೆಬ್‌ಪುಟ) ಸೈಟೂ ಮಾಯ. ಪುಕ್ಕಟೆ ಪ್ಲಾನ್‌ನಲ್ಲಿ ಪ್ರೈವೇಟ್ ರೆಪೊಗೆ ಪೇಜಸ್ ಸಿಗುವುದಿಲ್ಲ. "ಟ್ಯಾಂಕಿನ್ಯಾಗ ಎಷ್ಟದ ಅಂತ ಫೋನ್ ಹೇಳವಲ್ದು" ಅಂತ ಅವ್ವ ಶುರು ಮಾಡಿದಳು.

ಇಷ್ಟೆಲ್ಲ ಆದರೂ ಅಳಿಯನ ಫೋರ್ಕ್ ಪಬ್ಲಿಕ್ ಆಗೇ ಉಳಿದಿತ್ತು, ಪಾಸ್‌ವರ್ಡ್ ಸಮೇತ! ಮೂಲ ರೆಪೊ ಪ್ರೈವೇಟ್ ಆದರೆ ಪಬ್ಲಿಕ್ ಫೋರ್ಕ್‌ಗಳು ಬೇರೆ ಸಂಸಾರ ಹೂಡುತ್ತವೆ. ಅವನಿಗೆ ಹೇಳಿ ಅದನ್ನು ತೆಗೆಸಿದೆ. ರೂಟರ್ ಪಾಸ್‌ವರ್ಡ್ ಬದಲಿಸಿದೆ, ಮೊದಲು ಮಾಡಬೇಕಿದ್ದದ್ದೇ ಅದು. ಆಮೇಲೆ ನೆನಪಾಯಿತು, ಬೋರ್ಡಿಗೆ ಗೊತ್ತಿರುವುದು ಹಳೆ ಪಾಸ್‌ವರ್ಡ್. ಮಧ್ಯಾಹ್ನ ಎರಡು ಗಂಟೆಗೆ ಲ್ಯಾಪ್‌ಟಾಪ್ ಹಿಡಿದು ಮಾಳಿಗೆ ಹತ್ತಿದೆ. ಕಲಬುರಗಿ ಬಿಸಿಲಿಗೆ ಕಾದ ಶಹಾಬಾದ್ ಕಲ್ಲು. ಚಪ್ಪಲಿ ಕೆಳಗೇ ಬಿಟ್ಟಿದ್ದೆ. ಒಂದು ಗೋಣಿಚೀಲದ ಮೇಲೆ ಕೂತು ಹೊಸ ಪಾಸ್‌ವರ್ಡಿನ ಕೋಡನ್ನು ಬೋರ್ಡಿಗೆ ಫ್ಲ್ಯಾಶ್ ಮಾಡಿದೆ.

ವೈಫೈ ಬಂತು. ಆದರೆ ಬೋರ್ಡ್ ನನ್ನ ರೆಪೊದಿಂದ ಎಳೆದುಕೊಳ್ಳುವ ಅಪ್‌ಡೇಟ್ ಮಾತ್ರ 404, ಅಂದರೆ "ಸಿಗಲಿಲ್ಲ". ಲಿಂಕಿನಲ್ಲಿ ಬ್ರ್ಯಾಂಚ್ (ಕೋಡಿನ ಕವಲು) ಹೆಸರು ನೋಡಿದೆ, ಸ್ಪೆಲಿಂಗ್ ನೋಡಿದೆ. ಅದೇ ಲಿಂಕ್ ನನ್ನ ಬ್ರೌಸರ್‌ನಲ್ಲಿ ಸಲೀಸಾಗಿ ತೆರೆಯುತ್ತದೆ! ತೆರೆದ ಮೇಲಿನ ರಾ ಲಿಂಕನ್ನೇ (ಫೈಲಿನ ನೇರ ವಿಳಾಸ) ಕಾಪಿ ಮಾಡಿ ಕೋಡಿಗೆ ಹಾಕಿದೆ. ಕೆಲಸ ಮಾಡಿತು. ಖುಷಿಗೆ ಮಿರ್ಚಿ ಭಜಿ ತಂದು ತಿಂದೆವು. ಬೆಳಿಗ್ಗೆ ಎದ್ದರೆ ಮತ್ತೆ 404.

ಆ ಲಿಂಕಿನ ಬಾಲದಲ್ಲಿ ಒಂದು ಟೋಕನ್ ಇತ್ತು. ನಾನು ಲಾಗಿನ್ ಆಗಿದ್ದಕ್ಕೆ ಸಿಕ್ಕ ತಾತ್ಕಾಲಿಕ ಚೀಟಿ ಅದು, ರಾತ್ರಿ ಕಳೆಯುವಷ್ಟರಲ್ಲಿ ಸತ್ತಿತ್ತು. ಇನ್ನು 404: ಪ್ರೈವೇಟ್ ರೆಪೊ ಇದೆ ಅನ್ನೋದನ್ನೇ ಗಿಟ್‌ಹಬ್ ಹೊರಗಿನವರಿಗೆ ಬಿಟ್ಟುಕೊಡುವುದಿಲ್ಲ. 403 ಅಂತ "ಒಳಗೆ ಬಿಡಲ್ಲ" ಅನ್ನುವ ಬದಲು "ಅಂಥ ಮನೆಯೇ ಇಲ್ಲ" ಅನ್ನುತ್ತದೆ. ಸಾಲ ಕೊಟ್ಟವರು ಬಂದಾಗ "ಅಪ್ಪ ಊರಾಗಿಲ್ಲ" ಅಂತ ಮಗನ ಕೈಲಿ ಹೇಳಿಸುವುದಕ್ಕಿಂತ ಒಂದು ಕೈ ಮೇಲು.

ಆ ರೆಪೊ ಒಂದಕ್ಕೇ, ಓದಲು ಮಾತ್ರ ಅನ್ನುವ ಫೈನ್-ಗ್ರೇನ್ಡ್ ಟೋಕನ್ ಬೋರ್ಡಿಗೆ ಹಾಕಬಹುದಿತ್ತು. ಅದಕ್ಕೆ ಇಟ್ಟ ಅವಧಿ ಮುಗಿದಾಗ ಮತ್ತೆ ಗೋಣಿಚೀಲ. ಬೇಡ ಅನ್ನಿಸಿತು. ಕೋಡ್ ಪ್ರೈವೇಟ್ ರೆಪೊದಲ್ಲೇ ಬಿಟ್ಟೆ. ಬಿನ್ ಫೈಲ್ (ಕೋಡನ್ನು ಯಂತ್ರದ ಭಾಷೆಗೆ ಕಂಪೈಲ್ ಮಾಡಿದ ಫರ್ಮ್‌ವೇರ್), ವರ್ಷನ್ ಫೈಲ್, ನೀರಿನ ಪೇಜ್ ಮೂರನ್ನೂ ಹೊಸ ಪಬ್ಲಿಕ್ ರೆಪೊಗೆ ಸಾಗಿಸಿದೆ.

ಪುಶ್ (ಅಪ್‌ಲೋಡ್) ಮಾಡುವ ಮೊದಲು ಸುಮ್ನೆ ಬಿನ್ ಮೇಲೆ, ಒಳಗಿನ ಓದಬಹುದಾದ ಅಕ್ಷರಗಳನ್ನು ಹೆಕ್ಕುವ ಸ್ಟ್ರಿಂಗ್ಸ್ ಕಮಾಂಡ್ ಓಡಿಸಿದೆ. ಸಾವಿರಾರು ಕಸದ ಸಾಲುಗಳ ನಡುವೆ ನನ್ನ ಹೊಸ ಪಾಸ್‌ವರ್ಡ್, ಒಂದಕ್ಷರ ಬಿಡದೆ. ಎದೆ ಧಸಕ್ ಅಂತು. ಕಂಪೈಲ್ ಆದರೆ ಅಡಗಿತು ಅಂದುಕೊಂಡಿದ್ದೆ, ಎಂಥ ಪೆದ್ದ. ಈಗ ವೈಫೈಮ್ಯಾನೇಜರ್ ಲೈಬ್ರರಿ ಹಾಕಿದ್ದೇನೆ. ಬೋರ್ಡೇ ಹಾಟ್‌ಸ್ಪಾಟ್ ಎಬ್ಬಿಸುತ್ತದೆ, ಫೋನಿನಿಂದ ಪಾಸ್‌ವರ್ಡ್ ಕೊಟ್ಟರೆ ತನ್ನ ಫ್ಲ್ಯಾಶ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಬಿನ್‌ನಲ್ಲಿ ಏನೂ ಇಲ್ಲ. ಮೂರು ಸಲ ಹುಡುಕಿ ನೋಡಿದೆ.

ಮುಂದಿನದು ಹೊಲದ್ದು. ಆಳಂದ ಕಡೆ ಕಾಕಾನ ತೊಗರಿ ಹೊಲದಲ್ಲಿ ಮಣ್ಣಿನ ತೇವ ಅಳೆಯಬೇಕು. ಎರಿ ಭೂಮಿ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಸೆನ್ಸರ್ ಬಿರುಕಿನಲ್ಲಿ ಕೂತರೆ ಗಾಳಿಯ ತೇವ ಅಳೆಯುತ್ತದೆ ಅಷ್ಟೇ. ಅಲ್ಲಿ ವೈಫೈಯೂ ಇಲ್ಲ, ಲೋರಾ (ದೂರಕ್ಕೆ ಮುಟ್ಟುವ ರೇಡಿಯೊ) ನೋಡಬೇಕು.

ಅದಕ್ಕೆ ಅಳಿಯ ಬೇಕು. ಪ್ರೈವೇಟ್ ರೆಪೊಗೆ ಇನ್ವೈಟ್ ಕಳಿಸಿದ್ದೇನೆ. ಸ್ವಂತ ಅಕೌಂಟಿನ ರೆಪೊದಲ್ಲಿ ಓದಲು ಮಾತ್ರ ಅಂತ ಕೊಡಲು ಬರುವುದಿಲ್ಲ, ಕರೆದರೆ ಬರೆಯುವ ಹಕ್ಕಿನ ಜೊತೆಗೇ ಬರುತ್ತಾನೆ. ಆರ್ಗನೈಸೇಶನ್ (ಗುಂಪಿನ ಅಕೌಂಟ್) ಮಾಡಿದ್ದರೆ ರೀಡ್ ಅಂತ ಕೊಡಬಹುದಿತ್ತು. ಇಬ್ಬರಿಗೆ ಅದೆಲ್ಲ ಯಾಕೆ ಅಂತ ಬಿಟ್ಟೆ. ಇನ್ವೈಟಿಗೆ 7 ದಿನ ಗಡುವು. ಇವತ್ತಿಗೆ ನಾಲ್ಕು ದಿನ ಆಯ್ತು, ಕೇಳಿದರೆ "ಎಕ್ಸಾಮ್ ಅದ ಮಾಮಾ" ಅಂತಾನೆ.