ರೆಪ್ಲೊಟ್: ಪುರಸಭೆ ಹೋದ ಮೇಲೂ ಬೆಳೆಯುತ್ತಿರುವ ದ್ವೀಪ

ಫಿನ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ವಾಸಾ ನಗರದ ಪಕ್ಕಕ್ಕೇ ಇದೆ ರೆಪ್ಲೊಟ್ ದ್ವೀಪ. 1973ರ ತನಕ ಅದಕ್ಕೆ ಸ್ವಂತ ಪುರಸಭೆ ಇತ್ತು. ಆ ವರ್ಷ ಅದನ್ನೂ ನೆರೆಯ ಬ್ಯೋರ್ಕೊಬಿಯನ್ನೂ ಕೋರ್ಷೋಲ್ಮ್ ಪುರಸಭೆಗೆ ಸೇರಿಸಿದರು. ಆಗಿನ್ನೂ ಸೇತುವೆ ಇರಲಿಲ್ಲ. ಫೆರ್ರಿ ಹತ್ತಬೇಕು, ಇಲ್ಲವೇ ಸಮುದ್ರ ಗಟ್ಟಿಯಾಗಿ ಹೆಪ್ಪುಗಟ್ಟಿದಾಗ ಹಿಮದ ಮೇಲಿನ ದಾರಿ ಹಿಡಿಯಬೇಕು. 1,045 ಮೀಟರ್ ಉದ್ದದ ಸೇತುವೆ ತೆರೆದದ್ದು 1997ರಲ್ಲಿ. ಮುಂದೆ ಕೋರ್ಷೋಲ್ಮನ್ನೇ ವಾಸಾಕ್ಕೆ ಸೇರಿಸುವ ಮಾತು ಬಂತು. 2019ರ ಜನಮತದಲ್ಲಿ ಕೋರ್ಷೋಲ್ಮ್‌ನವರು ಒಲ್ಲೆ ಎಂದರು. ನುಂಗಿದವರಿಗೆ ನುಂಗಿಸಿಕೊಳ್ಳುವುದು ರುಚಿಸಲಿಲ್ಲ!

ಇಲ್ಲಿ ದಡದಲ್ಲಿ ಜಾಗ ಕೊಳ್ಳುವವರನ್ನು ನಿಜವಾಗಿ ಕಾಡುವುದು ವಿಲೀನವಲ್ಲ, ಏಳುತ್ತಿರುವ ನೆಲ. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ, ರೆಪ್ಲೊಟ್ ಸೇರಿದ ಕ್ವಾರ್ಕೆನ್ ಎಂಬ ಕರಾವಳಿ ಪ್ರದೇಶದ ನೆಲ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಮೇಲೇರುತ್ತಿದೆ. ಸಮುದ್ರ ಮಟ್ಟದ ಏರಿಕೆ ಅದರಲ್ಲಿ ಒಂದಿಷ್ಟನ್ನು ತಿಂದರೂ ನೆಲವೇ ಮುಂದಿದೆ. ಅಂಕಿ ಸಣ್ಣದು, ಆದರೆ ಇಲ್ಲಿಯ ದಡ ತಟ್ಟೆಯಷ್ಟು ಸಪಾಟು. ನೂರು ಮೀಟರಿಗೆ ಅರ್ಧ ಮೀಟರ್ ಮಾತ್ರ ಇಳಿಜಾರಿದ್ದರೆ, ನೀರು 5 ಮಿಲಿಮೀಟರ್ ಕೆಳಗಿಳಿದಾಗ ದಡ ಒಂದು ಮೀಟರ್ ಹಿಂದಕ್ಕೆ ಸರಿಯುತ್ತದೆ. ಬ್ಯೋರ್ಕೊಬಿಯ ಹಳೆಯ ದೋಣಿಮನೆಗಳು ನೀರಿನಿಂದ ದೂರ ಉಳಿದದ್ದು ಹೀಗೆಯೇ.

ಹೊಸ ನೆಲ ಯಾರದು? ದಡದ ಮನೆಯವರದೂ ಅಲ್ಲ, ಪುರಸಭೆಯದೂ ಅಲ್ಲ. ಹಳ್ಳಿಯ ದಡದಾಚೆಯ ನೀರಿಗೆ ಸಾಮಾನ್ಯವಾಗಿ ಆ ಹಳ್ಳಿಯ ಜಮೀನುಗಳ ಒಡೆಯರೇ ಜಂಟಿ ಪಾಲುದಾರರು. ನೀರು ಸರಿದಾಗ ಹೊರಬಿದ್ದ ನೆಲವೂ ಆ ಜಂಟಿ ಪಾಲಿನದೇ. ಪುರಸಭೆಗಳು ಕೂಡಿದರೂ ಈ ಪಾಲುಗಳು ಕದಲಲಿಲ್ಲ. ಹಾಗಾಗಿ "ಸಮುದ್ರಕ್ಕೆ ಮುಖ" ಎಂದು ಮಾರಾಟಕ್ಕಿರುವ ಜಾಗದ ಗಡಿ, ಸರ್ವೆ ನಕ್ಷೆಯಲ್ಲಿ ನೀರಿಗೆ ಮೊದಲೇ ಮುಗಿದಿರಬಹುದು. ವೈಮಾನಿಕ ಚಿತ್ರದ ಮೇಲೆ ಗಡಿರೇಖೆ ಇಟ್ಟು ನೋಡದೆ ಮುಂಗಡ ಕೊಡಬೇಡಿ. ನಡುವಿನ ಪಟ್ಟಿ ಬೇಕೆಂದರೆ ಪಾಲುದಾರರಿಂದ ಕೊಳ್ಳಬಹುದು. ಅದು ನಿಮ್ಮ ಜಾಗದ ಬಳಕೆಗೆ ಗಣನೀಯ ಅಡ್ಡಿಯಾಗಿದ್ದರೆ, ರಾಷ್ಟ್ರೀಯ ಸರ್ವೆ ಇಲಾಖೆಗೆ ಅರ್ಜಿ ಹಾಕಿ ಪರಿಹಾರ ಕಟ್ಟಿ ಬಿಡಿಸಿಕೊಳ್ಳುವ ದಾರಿಯೂ ಉಂಟು. ಕಟ್ಟಡದ ಪರವಾನಗಿ ಮಾತ್ರ ಕೋರ್ಷೋಲ್ಮ್‌ನದು.

ದೋಣಿ ತಾಗುವಷ್ಟು ನೀರಿಲ್ಲವೆಂದು ಹೂಳೆತ್ತುವವರೇ ಹೆಚ್ಚು. 500 ಘನ ಮೀಟರ್ ಮೀರಿದರೆ ಪರವಾನಗಿ ಕಡ್ಡಾಯ. ಅದಕ್ಕಿಂತ ಕಡಿಮೆಯಿದ್ದರೂ, ಯಂತ್ರ ಇಳಿಸುವುದಾದರೆ, 30 ದಿನ ಮೊದಲು ಮೇಲ್ವಿಚಾರಣಾ ಇಲಾಖೆಗೂ ನೀರಿನ ಪಾಲುದಾರರಿಗೂ ಲಿಖಿತ ಸೂಚನೆ ಹೋಗಬೇಕು. ಎತ್ತಿದ ಮಣ್ಣನ್ನು ಹತ್ತಿರದಲ್ಲೇ ಸುರಿದುಬಿಡುವುದು ದೊಡ್ಡ ತಪ್ಪು. ಈ ಕರಾವಳಿಯ ಕಪ್ಪು ಜೇಡಿಯಲ್ಲಿ ಸಲ್ಫೈಡ್ ಇರುತ್ತದೆ. ನೀರಿನಡಿ ಅದು ತೆಪ್ಪಗಿರುತ್ತದೆ, ಗಾಳಿ ತಾಗಿದರೆ ಗಂಧಕಾಮ್ಲವಾಗುತ್ತದೆ. ಮಳೆಗೆ ಆ ಆಮ್ಲವೂ ಅದು ಕರಗಿಸಿದ ಲೋಹಗಳೂ ಕೊಲ್ಲಿಗೆ ಇಳಿದು ಮೀನು ಸಾಯುತ್ತವೆ. ಆದ್ದರಿಂದ ಅಗೆಯುವ ಮೊದಲೇ ಮಣ್ಣಿನ ಮಾದರಿ ಪರೀಕ್ಷಿಸಿ. ಸಲ್ಫೈಡ್ ಕಂಡರೆ ಸುರಿಯುವ ಜಾಗ ನೀರಿನಿಂದ ದೂರವಿರಲಿ, ಲೆಕ್ಕ ಹಾಕಿ ಸುಣ್ಣ ಬೆರೆಸಿ.