ಪುತ್ತರಿಯಿಂದ ಹಿಟ್ಟೈಟ್ ಭಾಷೆಯವರೆಗೆ

ಅಜ್ಜಿ ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ‘ಪಾಲ್’ ಎಂದು ಕರೆಯುತ್ತಿದ್ದುದು ವಿರಾಜಪೇಟೆಯ ಶಾಲೆಯಲ್ಲಿ ‘ಹಾಲು’ ಆಗುತ್ತಿತ್ತು; ಮನೆಯ ಪುತ್ತರಿ ಹಬ್ಬ ಕನ್ನಡ ಪುಸ್ತಕದಲ್ಲಿ ಹುತ್ತರಿಯಾಗಿತ್ತು. ಈ ಪಕಾರ-ಹಕಾರಗಳ ಆಟವೇ ನನ್ನನ್ನು ಸಂಸ್ಕೃತ, ಲ್ಯಾಟಿನ್, ಇಂಗ್ಲಿಷಿನಂಥ ಭಾಷೆಗಳ ನಂಟನ್ನು ಅರಸುವ ಇಂಡೋ-ಯುರೋಪಿಯನ್ ಭಾಷಾವಿಜ್ಞಾನಕ್ಕೆ ಎಳೆದುಕೊಂಡು ಹೋಯಿತೆಂದರೆ ನೆಂಟರು ಇಂದಿಗೂ ನಂಬುವುದಿಲ್ಲ. ಸಂಸ್ಕೃತದ ‘ಪಿತೃ’, ಲ್ಯಾಟಿನ್ನಿನ ‘ಪಾತೆರ್’, ಇಂಗ್ಲಿಷಿನ ‘ಫಾದರ್’ ಪದಗಳ ಮೊದಲ ವ್ಯಂಜನಗಳಲ್ಲಿ ಕಾಣುವ ನಿಯಮಬದ್ಧ ಸಂಬಂಧವನ್ನು ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ್ದನ್ನು ಎಂ.ಎ. ತರಗತಿಯಲ್ಲಿ ಓದಿದಾಗ, ಅದು ನನಗೆ ಅಡುಗೆಮನೆಯ ಪರಿಚಿತ ಸಂಗತಿಯಂತೆ ಕಂಡಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದವನು ಸ್ವಿಸ್ ಭಾಷಾವಿಜ್ಞಾನಿ ಸೊಸ್ಯೂರ್. ಇಪ್ಪತ್ತೊಂದರ ಹರೆಯದಲ್ಲಿ ಅವನು, ಆಗ ತಿಳಿದಿದ್ದ ಯಾವ ಭಾಷೆಯಲ್ಲೂ ನೇರವಾಗಿ ಉಳಿದಿರದ ಕೆಲವು ಧ್ವನಿಗಳು ಈ ಭಾಷೆಗಳೆಲ್ಲ ಹುಟ್ಟಿಬಂದ ಮೂಲಭಾಷೆಯಲ್ಲಿ ಇದ್ದಿರಬೇಕೆಂದು, ಸ್ವರಗಳ ವ್ಯತ್ಯಾಸದ ಲೆಕ್ಕಾಚಾರದಿಂದಷ್ಟೇ ಊಹಿಸಿದ. 1915ರಲ್ಲಿ ಹ್ರೋಜ್ನಿ ಎಂಬ ವಿದ್ವಾಂಸ, ಇಂದಿನ ಟರ್ಕಿಯಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳಲ್ಲಿದ್ದ, ಅದೇ ಕುಟುಂಬದ ಪ್ರಾಚೀನ ಹಿಟ್ಟೈಟ್ ಭಾಷೆಯ ಗುಟ್ಟು ಬಿಡಿಸಿದ ಮೇಲೆ, 1927ರಲ್ಲಿ ಪೋಲಿಷ್ ಭಾಷಾವಿಜ್ಞಾನಿ ಕುರಿವೋವಿಚ್ ಅಂಥ ಧ್ವನಿಯೊಂದನ್ನು ಆ ಫಲಕಗಳ ಬರಹದಲ್ಲೇ ತೋರಿಸಿಕೊಟ್ಟ.

ಉದ್ಯೋಗದ ಕಥೆ ಚಿಕ್ಕದು. ನಮ್ಮಲ್ಲಿ ಈ ವಿಷಯಕ್ಕೆ ಹುದ್ದೆಗಳು ವಿರಳ. ಸಂಸ್ಕೃತ ವಿಭಾಗದ ಮೂಲೆಯಲ್ಲೊಂದು ಕುರ್ಚಿ ಸಿಗಲು ನನಗೆ ಒಂಬತ್ತು ವರ್ಷ ಹಿಡಿಯಿತು. ಒಂದು ಸಂದರ್ಶನದಲ್ಲಿ, “ಕೊಡಗಿನವರಿಗೆ ಇದೆಲ್ಲ ಏಕೆ?” ಎಂದೂ ಕೇಳಿದರು. ಸಂಸ್ಕೃತ ಕಲಿತು ಬಂದ ಭಾಷಾವಿಜ್ಞಾನಿ ಎಮೆನೊ 1930ರ ದಶಕದಲ್ಲಿ ಕೊಡವ ಭಾಷೆಯನ್ನು ಅಭ್ಯಸಿಸಿ, ಆಕ್ಸ್‌ಫರ್ಡಿನ ಸಂಸ್ಕೃತ ಪ್ರಾಧ್ಯಾಪಕ ಬರೋ ಜೊತೆಗೂಡಿ 1961ರಲ್ಲಿ ದ್ರಾವಿಡ ಪದಗಳ ಮೂಲ ಹೇಳುವ ದ್ರಾವಿಡ ನಿಷ್ಪತ್ತಿ ಕೋಶವನ್ನು ಹೊರತಂದದ್ದು ಆ ಕ್ಷಣ ನೆನಪಾಗಲಿಲ್ಲ. ಮಡಿಕೇರಿಗೆ ಮರಳುವ ಬಸ್ಸಿನಲ್ಲಿ, ಕುಶಾಲನಗರ ದಾಟಿದ ಮೇಲೆ ನೆನಪಾಯಿತು.